ಏಳು ಅಡಿ ನೆರಳು

"ಕೇಳದೆ ಇದ್ದವರಿಗೂ ಕೊಡಬೇಕೇ, ಗುರುಗಳೇ?"

ಚನ್ನಮಲ್ಲ ಹೀಗೆ ಕೇಳಿದಾಗ ಗುರುಗಳು ಊಟ ಮುಗಿಸಿ ಜಗಲಿಯ ಮೇಲೆ ಕುಳಿತಿದ್ದರು. ಮಠದ ಹಿಂದಿನ ಬಾವಿಗೆ ಕಲ್ಲಿನ ಮೆಟ್ಟಿಲು ಕಟ್ಟಿಸುವ ಕೆಲಸ ನಡೆದಿತ್ತು. ಅದರ ಉಸ್ತುವಾರಿ ಚನ್ನಮಲ್ಲನದು. ಒಂಬತ್ತು ಜನ ಆಳುಗಳು. ಇಷ್ಟು ಹೊತ್ತಿನಿಂದ ಇಷ್ಟು ಹೊತ್ತಿನವರೆಗೆ ಎಂದು ಮಾತಾಗಿತ್ತು, ಹೊತ್ತಿಗೆ ತಕ್ಕ ಕೂಲಿ.

"ಯಾರಿಗೆ, ಏನು? ಬಿಡಿಸಿ ಹೇಳು" ಎಂದರು ಗುರುಗಳು.

"ಆಳುಗಳಿಗೆ. ನಿನ್ನೆ ಮೂರು ಮೆಟ್ಟಿಲು ಉಳಿದಿದ್ದವು. ಹೊತ್ತು ಮುಗಿದರೂ ಒಂಬತ್ತು ಜನರನ್ನೂ ನಿಲ್ಲಿಸಿಕೊಂಡೆ. ಕಣ್ಣು ಕಾಣದಷ್ಟು ಕತ್ತಲಾಗುವವರೆಗೆ ಮಾಡಿದರು. ಮೊನ್ನೆಯೂ ಹಾಗೇ ಆಗಿತ್ತು. ಹೋಗುತ್ತೇವೆ ಎಂದು ಯಾರೂ ಅನ್ನಲಿಲ್ಲ. ಹೆಚ್ಚಿನ ಕೂಲಿಯನ್ನೂ ಕೇಳಲಿಲ್ಲ. ಮಠದ ಕೆಲಸ, ಅವರಿಗೂ ಪುಣ್ಯ ಬರುತ್ತದೆ ಎಂದುಕೊಂಡು ನಾನೂ ಸುಮ್ಮನಾದೆ. ಇವತ್ತು ಯಾಕೋ ಮನಸ್ಸು ಒಪ್ಪುತ್ತಿಲ್ಲ."

"ಪುಣ್ಯ ಹಂಚುವ ಕೆಲಸ ನಿನಗೆ ಯಾರು ವಹಿಸಿದರಪ್ಪ? ಹೋಗಲಿ, ಕೂತುಕೋ. ಒಬ್ಬ ಬಣ್ಣಗಾರನ ಕತೆ ಹೇಳುತ್ತೇನೆ. ನಡುವೆ ಬಾಯಿ ಹಾಕಬೇಡ."

ಚನ್ನಮಲ್ಲ ಕುಳಿತ. ಗುರುಗಳು ಹೇಳತೊಡಗಿದರು.

ಒಂದೂರಲ್ಲಿ ಒಬ್ಬ ವರ್ತಕನಿದ್ದ. ನೂಲಿಗೆ ಬಣ್ಣ ಹಾಕಿಸಿ ದೂರದ ಪೇಟೆಗಳಿಗೆ ಮಾರುತ್ತಿದ್ದ. ಅವನಿಗೆ ಹೆಸರು ಬೇಡ, ಅಂಥವರು ಎಲ್ಲಾ ಊರಲ್ಲೂ ಸಿಗುತ್ತಾರೆ. ಕೆಟ್ಟವನಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಕೆಟ್ಟವನ ಕತೆಯಾದರೆ, ಇದು ಯಾರದೋ ಕತೆ ಎಂದು ನೀನು ಆರಾಮಾಗಿ ಕೇಳಿ ಎದ್ದು ಹೋಗುತ್ತೀಯ. ವರ್ತಕ ಆಳುಗಳನ್ನು ಬೈಯುತ್ತಿರಲಿಲ್ಲ. ಹಬ್ಬಕ್ಕೆ ಬಟ್ಟೆ ಕೊಡುತ್ತಿದ್ದ. ಕೂಲಿಯನ್ನು ವಾರದ ಕೊನೆಗೆ ತಪ್ಪದೆ ಕೈಗೆ ಹಾಕುತ್ತಿದ್ದ.

ಆ ಊರಲ್ಲಿ ಹಗಲನ್ನು ನಾಲ್ಕು ಜಾವ ಮಾಡಿ ಎಣಿಸುತ್ತಿದ್ದರು. ವರ್ತಕನ ಅಂಗಳದಲ್ಲಿ ಸೂರ್ಯ ಹುಟ್ಟಿದ ಹೊತ್ತಿನಿಂದ ಮೂರು ಜಾವ ಕೆಲಸ. ಜಾವಕ್ಕಿಷ್ಟು ಕೂಲಿ. ನಾಲ್ಕನೆಯ ಜಾವ ಆಳಿನದು. ಮಾತು ಹೀಗೆ ಆಗಿತ್ತು, ಒಳ್ಳೆಯ ಮಾತೇ.

ಜಾವ ಮುಗಿದದ್ದು ತಿಳಿಯುವುದು ಹೇಗೆ? ನೆರಳು ಅಳೆದು. ಬಿಸಿಲಿನಲ್ಲಿ ನೆಟ್ಟಗೆ ನಿಲ್ಲಬೇಕು, ನೆರಳಿನ ತಲೆ ಎಲ್ಲಿ ಬೀಳುತ್ತದೋ ಅಲ್ಲಿಯವರೆಗೆ ಹಿಮ್ಮಡಿಗೆ ಬೆರಳು ತಾಗಿಸಿ ಹೆಜ್ಜೆ ಎಣಿಸಬೇಕು. ಮಧ್ಯಾಹ್ನ ದಾಟಿ ನೆರಳು ಏಳು ಅಡಿಯಾದರೆ ಮೂರು ಜಾವ ಮುಗಿಯಿತು. ಅಂಗಳದಲ್ಲಿ ಹದಿನಾರು ಆಳು. ಯಾರ ನೆರಳು ಅಳೆಯುವುದು ಎಂಬ ಪ್ರಶ್ನೆ ಮೊದಲ ದಿನವೇ ಬಂತು. ಒಬ್ಬ ಉದ್ದ, ಒಬ್ಬ ಗಿಡ್ಡ, ಒಬ್ಬನಿಗೆ ಬೆನ್ನು ಬಾಗಿದೆ. "ನೀವೇ ಹೇಳಿ, ಯಾರದಾದರೂ ಆಗಲಿ" ಎಂದ ವರ್ತಕ. ಆಳುಗಳು ಒಬ್ಬರ ಮುಖ ಒಬ್ಬರು ನೋಡಿದರು. ಧಣಿ ಎದುರಿಗೆ ನಿಂತಿರುವಾಗ ನನ್ನ ನೆರಳು ಅಳೆಯಿರಿ ಎನ್ನುವುದು ಹೇಗೆ? ಮರ್ಯಾದೆಗೆ ಅಂದರು: "ನಿಮ್ಮದೇ ಆಗಲಿ, ಧಣಿ."

ನೋಡು, ಅಲ್ಲಿ ಕೆಟ್ಟಿತು. ಧಣಿಯ ನೆರಳನ್ನು ಆಳು ತುಳಿಯುವಂತಿಲ್ಲ. ಹಿರಿಯರ ನೆರಳನ್ನು ದಾಟಬೇಕಾದರೂ ಸುತ್ತಿ ಹೋಗುವ ಊರು ಅದು. ತುಳಿಯದೆ ಅಳೆಯಲು ಬರುವುದಿಲ್ಲ. ಹಾಗಾಗಿ ಆ ನೆರಳನ್ನು ಅಳೆಯಬಲ್ಲವನು ಲೋಕದಲ್ಲಿ ಒಬ್ಬನೇ, ವರ್ತಕ.

ಮೊದಮೊದಲು ಅವನು ಚಾಚೂ ತಪ್ಪದೆ ಅಳೆದ. ಊಟವಾಗಿ ಒಂದು ನಿದ್ದೆ ತೆಗೆದು ಹೊರಗೆ ಬರುತ್ತಿದ್ದ. ಅಂಗಳದ ನಡುವೆ ನಿಂತು, ನೆರಳಿನ ತಲೆಯ ಜಾಗಕ್ಕೆ ಒಂದು ಕಲ್ಲು ಇಡಿಸಿ, ಒಂದು ಎರಡು ಎಂದು ಗಟ್ಟಿಯಾಗಿ ಎಣಿಸುತ್ತಿದ್ದ. ಏಳು ಆದರೆ "ಸಾಕು, ಹೊರಡ್ರಪ್ಪಾ" ಎನ್ನುತ್ತಿದ್ದ. ಆರೇ ಆಗಿದ್ದರೆ ಅಲ್ಲೇ ಕಟ್ಟೆಯ ಮೇಲೆ ಕುಳಿತು ವೀಳ್ಯ ಹಾಕುತ್ತಿದ್ದ.

ಆ ಹದಿನಾರು ಜನರಲ್ಲಿ ಒಬ್ಬ ಬಣ್ಣಗಾರ. ಇವನಿಗೆ ಹೆಸರಿದೆ, ತಿರುಕಪ್ಪ. ಕೆಂಪು ಬಣ್ಣದ ತೊಟ್ಟಿ ಅವನದು. ನೂಲಿನ ಲಡಿಗಳನ್ನು ಅದ್ದಬೇಕು, ಹಿಂಡಬೇಕು, ಗಳದ ಮೇಲೆ ಹರವಬೇಕು. ಅವನ ಬೆರಳುಗಳು ಉಗುರಿನ ಸಂದಿಯವರೆಗೂ ಕೆಂಪು. ಎಷ್ಟು ತಿಕ್ಕಿದರೂ ಹೋಗುತ್ತಿರಲಿಲ್ಲ.

ತಿರುಕಪ್ಪನ ಮನೆ ಒಂದು ಹರದಾರಿ ದೂರದ ಹಳ್ಳಿಯಲ್ಲಿ. ಹೆಂಡತಿ ತೀರಿಕೊಂಡಿದ್ದಳು. ಆರು ವರ್ಷದ ಒಬ್ಬಳೇ ಮಗಳು, ಪಾರವ್ವ. ಹುಟ್ಟಿನಿಂದಲೇ ಕಿವಿ ಕೇಳದು, ಮಾತೂ ಬಾರದು. ಪಕ್ಕದ ಮನೆಯ ಮುದುಕಿ ಕಲ್ಲವ್ವ ಹಗಲು ಅವಳನ್ನು ನೋಡಿಕೊಳ್ಳುತ್ತಿದ್ದಳು. ಉಣ್ಣಿಸುತ್ತಿದ್ದಳು, ತಲೆ ಬಾಚುತ್ತಿದ್ದಳು. ಅವಳ ಹತ್ತಿರ ಮಾತಾಡಲು ಮಾತ್ರ ಕಲ್ಲವ್ವನಿಗೆ ಬರುತ್ತಿರಲಿಲ್ಲ.

ತಿರುಕಪ್ಪನಿಗೆ ಬರುತ್ತಿತ್ತು. ಅಪ್ಪ ಮಗಳು ಸೇರಿ ಕೈಯಲ್ಲೇ ಒಂದು ಮಾತು ಕಟ್ಟಿಕೊಂಡಿದ್ದರು. ಬೆರಳಿನ ತುದಿಗಳನ್ನು ಒಂದಕ್ಕೊಂದು ತಿಕ್ಕಿದರೆ ಅಪ್ಪ, ಬಣ್ಣದ ಬೆರಳಿನವನು. ಹಣೆಯ ಮೇಲೆ ಎರಡು ಬೆರಳು ನಿಲ್ಲಿಸಿದರೆ ಮೇಕೆ. ಕೆನ್ನೆಗೆ ಅಂಗೈ ಒತ್ತಿದರೆ ಸತ್ತುಹೋದ ಅವ್ವ. ಲೋಕದಲ್ಲಿ ಆ ಮಾತು ಗೊತ್ತಿದ್ದವರು ಇಬ್ಬರೇ.

ಕೈಮಾತಿಗೆ ಬೆಳಕು ಬೇಕಲ್ಲ. ಬೆಳಿಗ್ಗೆ ಅವನು ಹೊರಡುವಾಗ ಇನ್ನೂ ಕತ್ತಲು. ಸಂಜೆ ಕತ್ತಲಾದರೆ, ಮನೆಯಲ್ಲಿದ್ದ ಹರಳೆಣ್ಣೆ ದೀಪದ ಬೆಳಕು ತಟ್ಟೆ ಎಲ್ಲಿದೆ ಎಂದು ಕಾಣಿಸುವಷ್ಟು. ಅಷ್ಟು ಹೊತ್ತಿಗೆ ಮಗುವಿನ ಕಣ್ಣು ಎಳೆಯುತ್ತಿರುತ್ತಿತ್ತು. ಹಾಗಾಗಿ ಅವರಿಬ್ಬರಿಗೆ ಇದ್ದದ್ದು ನಾಲ್ಕನೆಯ ಜಾವ ಒಂದೇ. ಏಳು ಅಡಿಗೆ ಬಿಟ್ಟರೆ ಅವನು ದಾಪುಗಾಲು ಹಾಕಿ ಬರುತ್ತಿದ್ದ. ಪಾರವ್ವ ಊರಬಾಗಿಲ ಕಟ್ಟೆಯ ಮೇಲೆ ಕಾಯುತ್ತಿದ್ದಳು. ದೂರದಲ್ಲಿ ಅಪ್ಪ ಕಂಡ ಕೂಡಲೇ ಎರಡೂ ಕೈ ಎತ್ತಿ ಶುರು ಮಾಡಿಬಿಡುತ್ತಿದ್ದಳು. ಮೇಕೆ ಮರಿ ಹಾಕಿದ್ದು, ಕಲ್ಲವ್ವ ಜಾರಿ ಬಿದ್ದದ್ದು, ಕಾಗೆ ರೊಟ್ಟಿ ಹೊತ್ತೊಯ್ದದ್ದು. ಹತ್ತಿರ ಬರುವಷ್ಟರಲ್ಲಿ ಅರ್ಧ ಸುದ್ದಿ ಮುಗಿದಿರುತ್ತಿತ್ತು. ಅಬ್ಬಾ, ಬಾಯಿ ಇದ್ದ ಮಕ್ಕಳು ಅಷ್ಟು ಮಾತಾಡುತ್ತಿರಲಿಲ್ಲ. ತಿರುಕಪ್ಪ ಬಡವ, ಸುಖವಾಗಿದ್ದ.

ಆಮೇಲೆ ವರ್ತಕನ ವ್ಯಾಪಾರ ಬೆಳೆಯಿತು. ನೂಲು ತರುವ ಗಾಡಿಗಳು ಹೆಚ್ಚಾದವು. ಪೇಟೆಯವರು ಬಂದು ಅವನ ಹತ್ತಿರ ಕೂರತೊಡಗಿದರು. ಮಾತು ಮುಗಿಯುವುದು ತಡವಾಗುತ್ತಿತ್ತು. ಅವನು ಒಳಗೆ ತಂಪಿನಲ್ಲಿ ಕುಳಿತಿದ್ದರೆ ನೆರಳು ಎಲ್ಲಿಂದ ಬರಬೇಕು? ಹೊರಗೆ ಬಂದಾಗ ಹತ್ತು ಅಡಿ ಆಗಿರುತ್ತಿತ್ತು. "ಅಯ್ಯೋ, ಇವತ್ತು ಒಂಚೂರು ಜಾಸ್ತಿ ಆಯ್ತಲ್ಲ" ಎನ್ನುತ್ತಿದ್ದ. ಆಳುಗಳು "ಇರಲಿ ಬಿಡಿ, ಧಣಿ" ಎನ್ನುತ್ತಿದ್ದರು. ಬರಬರುತ್ತಾ ಹದಿನೈದು ಆಯಿತು, ಇಪ್ಪತ್ತು ಆಯಿತು. ಕಲ್ಲು ಇಡಿಸುವುದನ್ನು ಬಿಟ್ಟ. ಬಾಗಿಲಲ್ಲಿ ನಿಂತು ಕಣ್ಣಳತೆಯಲ್ಲೇ "ಏಳಾಗಿದೆ, ಹೊರಡಿ" ಎನ್ನುತ್ತಿದ್ದ. ಮೋಡದ ದಿನವಂತೂ ಅವನ ಹಸಿವೇ ಅಳತೆ. ಕೂಲಿ ಮಾತ್ರ ಮೂರು ಜಾವದ್ದೇ. ಮಾತಾಗಿದ್ದೇ ಮೂರು ಜಾವ ತಾನೇ?

ಅವನು ಮೋಸ ಮಾಡಬೇಕೆಂದು ಮಾಡಲಿಲ್ಲ. ಯಾರೂ ಏನೂ ಅನ್ನಲಿಲ್ಲವಲ್ಲ, ಅಂದಮೇಲೆ ಯಾರಿಗೂ ತೊಂದರೆಯಿಲ್ಲ ಎಂದುಕೊಂಡ. ನಿನ್ನ ಹಾಗೆಯೇ.

ಚನ್ನಮಲ್ಲ ಏನೋ ಹೇಳಲು ಹೋದ. ಗುರುಗಳು ಕೈಯೆತ್ತಿ ತಡೆದು ಮುಂದುವರಿಸಿದರು.

ಆಳುಗಳಿಗೆ ಗೊತ್ತಿರಲಿಲ್ಲವೇ? ಎಲ್ಲರಿಗೂ ಗೊತ್ತಿತ್ತು. ಹದಿನಾರು ಜನರ ಕಾಲಬುಡದಲ್ಲೂ ಹದಿನಾರು ನೆರಳು ಬಿದ್ದಿರುತ್ತಿದ್ದವು. ತಿರುಕಪ್ಪ ದಿನಾ ತೊಟ್ಟಿಯ ಪಕ್ಕ ತನ್ನ ನೆರಳನ್ನು ತಾನೇ ನೋಡುತ್ತಿದ್ದ. ಏಳು ಅಡಿ ಆಯಿತು. ಈಗ ಪಾರವ್ವ ಮುಖ ತೊಳೆದುಕೊಂಡಿರುತ್ತಾಳೆ. ಎಂಟು. ಕಟ್ಟೆಗೆ ಬಂದಿರುತ್ತಾಳೆ. ಹತ್ತು. ಎದ್ದು ನಿಂತು ದಾರಿ ನೋಡುತ್ತಿರುತ್ತಾಳೆ. ಅವನ ಕೈ ಲಡಿ ಅದ್ದುತ್ತಿತ್ತು, ಜೀವ ಹಳ್ಳಿಯ ದಾರಿಯಲ್ಲಿ ಓಡುತ್ತಿತ್ತು. ಹನ್ನೆರಡು. ಹದಿನೈದು. ಇನ್ನು ಹೊರಟರೂ ಸಿಗುವುದು ಸ್ವಲ್ಪವೇ ಬೆಳಕು, ಆದರೂ ಸಾಕು, ಈಗಲಾದರೂ ಬಿಡಲಿ ಎಂದು ಬಾಗಿಲ ಕಡೆ ನೋಡುತ್ತಿದ್ದ. ಬಾಗಿಲಲ್ಲಿ ಯಾರೂ ಇರುತ್ತಿರಲಿಲ್ಲ.

ಅವನು ಊರು ಮುಟ್ಟುವಾಗ ಕಟ್ಟೆ ಖಾಲಿ. ಮನೆಯಲ್ಲಿ ಮಗು ಮಲಗಿರುತ್ತಿತ್ತು. ಅವನು ಪಕ್ಕದಲ್ಲಿ ಕುಳಿತು ಅವಳ ಕೈಗಳನ್ನು ನೋಡುತ್ತಿದ್ದ. ಇವತ್ತು ಏನು ಹೇಳಬೇಕೆಂದು ಇಟ್ಟುಕೊಂಡಿದ್ದಳೋ ಎಂದುಕೊಳ್ಳುತ್ತಿದ್ದ. ಎಬ್ಬಿಸಲು ಮನಸ್ಸು ಬರುತ್ತಿರಲಿಲ್ಲ.

ಹೀಗೆ ಒಂದು ವರ್ಷ ಹೋಯಿತು, ಇನ್ನೊಂದು ಅರ್ಧವೂ ಹೋಯಿತು.

ಒಂದು ದಿನ ವರ್ತಕನಿಗೆ ಪರಸ್ಥಳಕ್ಕೆ ಹೋಗುವುದಿತ್ತು. ಎಂದಿಗಿಂತ ತುಸು ಬೇಗ ಬಿಟ್ಟ. ತಿರುಕಪ್ಪ ಎದ್ದೆನೋ ಬಿದ್ದೆನೋ ಎಂದು ಓಡಿದ. ಪಾರವ್ವ ಕಟ್ಟೆಯ ಮೇಲಿದ್ದಳು. ಇನ್ನೂ ಮುಖ ಕಾಣುವಷ್ಟು ಬೆಳಕಿತ್ತು. ಅಪ್ಪನನ್ನು ಕಂಡು ಅವಳು ಓಡಿ ಬರಲಿಲ್ಲ, ಕೈಯನ್ನೂ ಎತ್ತಲಿಲ್ಲ. ಸುಮ್ಮನೆ ನೋಡಿದಳು. ಆಮೇಲೆ ಎಡ ಅಂಗೈ ಮೇಲೆ ಬಲ ಅಂಗೈ ಮುಚ್ಚಿದಳು. ಮೆಲ್ಲಗೆ ತೆರೆದಳು. ಅಂಗೈಯನ್ನು ಒಮ್ಮೆ ಊದಿದಳು. ಅಪ್ಪನ ಮುಖ ನೋಡಿದಳು.

ತಿರುಕಪ್ಪನಿಗೆ ಅರ್ಥವಾಗಲಿಲ್ಲ. ಅದು ಅವರಿಬ್ಬರೂ ಸೇರಿ ಕಟ್ಟಿದ ಮಾತಲ್ಲ. ಏನು ಎಂದು ಕೈಯಲ್ಲಿ ಕೇಳಿದ. ಅವಳು ಮತ್ತೆ ಹಾಗೇ ಮಾಡಿದಳು. ಹಕ್ಕಿಯೇ ಎಂದು ಕೇಳಿದ. ತಲೆ ಅಲ್ಲಾಡಿಸಿದಳು. ದೀಪವೇ? ಅಲ್ಲ. ಮೂರನೆಯ ಸಲ ಮಾಡುವಷ್ಟರಲ್ಲಿ ಕತ್ತಲಾಯಿತು. ಅವಳ ಕೈ ಆಡುತ್ತಿತ್ತು, ಅವನಿಗೆ ಕಾಣುತ್ತಿರಲಿಲ್ಲ.

ಕಲ್ಲವ್ವನನ್ನು ಕೇಳಿದ.

"ನನಗೇನು ತಿಳೀತದಪ್ಪಾ, ನಿಮ್ಮಪ್ಪ ಮಗಳ ಮಾತು" ಎಂದಳು ಮುದುಕಿ. "ತಿಂಗಳಿಂದ ಕಂಡಕಂಡವರ ಮುಂದೆಲ್ಲ ಹಿಂಗೇ ಮಾಡ್ತಾಳೆ. ಯಾರೂ ಉತ್ತರ ಕೊಡೋದಿಲ್ಲ. ನೀನು ಬಂದರೆ ಗೊತ್ತಾಗ್ತದೆ ಅಂತ ನಾನೂ ಸುಮ್ಮನಿದ್ದೆ."

ಮಗಳು ಒಬ್ಬಳೇ ಕುಳಿತು ಒಂದು ಮಾತು ಹುಟ್ಟಿಸಿದ್ದಾಳೆ, ಅದನ್ನು ಕೇಳಲು ಲೋಕದಲ್ಲಿ ಇದ್ದವನು ತಾನೊಬ್ಬ, ತಾನೂ ಇರಲಿಲ್ಲ. ಆ ದಿನದಿಂದ ತಿರುಕಪ್ಪನಿಗೆ ಬೇರೆ ಯೋಚನೆಯಿಲ್ಲ. ಒಂದು ಜಾವದ ಬೆಳಕು ಸಿಕ್ಕರೆ ಸಾಕಿತ್ತು. ಎದುರು ಕೂರಿಸಿಕೊಂಡು, ಒಂದೊಂದೇ ವಸ್ತು ತೋರಿಸಿ, ಇದೋ ಇದೋ ಎಂದು ಕೇಳಿ ಹಿಡಿದುಬಿಡುತ್ತಿದ್ದ. ತೊಟ್ಟಿಯ ಹತ್ತಿರ ನಿಂತು ಕೆಂಪು ಕೈಗಳಿಂದ ಆ ಸನ್ನೆಯನ್ನು ತಾನೇ ಮಾಡಿ ನೋಡುತ್ತಿದ್ದ. ಮುಚ್ಚಿದ್ದೇನು? ಊದಿದ್ದು ಯಾಕೆ?

ಜೊತೆಯವರ ಹತ್ತಿರ ಹೇಳಿಕೊಂಡ. ನೆರಳಿನ ವಿಷಯ ಧಣಿಗೆ ಹೇಳೋಣ ಎಂದ. ಅವರು ತುಟಿ ಕಚ್ಚಿಕೊಂಡರು. "ಒಳ್ಳೇ ಮನುಷ್ಯ ಕಣೋ. ಹಬ್ಬಕ್ಕೆ ಬಟ್ಟೆ ಕೊಡ್ತಾನೆ. ಯಾಕೆ ಅವನ ಮನಸ್ಸಿಗೆ ನೋವು ಮಾಡ್ತೀಯ?" ಎಂದರು. ತಿರುಕಪ್ಪ ಹತ್ತು ದಿನ ತಡೆದ. ಇಪ್ಪತ್ತು ದಿನ ತಡೆದ. ದಿನವೂ ನೆರಳು ಏಳು ಅಡಿಯಾಗಿ ಅವನ ಕಣ್ಣೆದುರೇ ಮುಂದೆ ಹೋಗುತ್ತಿತ್ತು.

ಇಪ್ಪತ್ತೊಂದನೆಯ ದಿನ ವರ್ತಕ ಇಳಿಬಿಸಿಲಿನಲ್ಲಿ ಹೊರಗೆ ಬಂದ. ಮೆಟ್ಟಿಲಿಳಿದು ಅಂಗಳಕ್ಕೆ ಬಂದು, "ಏಳಾಗಿದೆ, ಹೊರಡಿ" ಎಂದ. ಅವನ ನೆರಳು ಅಂಗಳದ ಉದ್ದಕ್ಕೂ ಬಿದ್ದಿತ್ತು. ಆಳುಗಳು ಕೈ ತೊಳೆಯಲು ಎದ್ದರು. ತಿರುಕಪ್ಪ ಕೈ ತೊಳೆಯಲಿಲ್ಲ. ನೇರ ಬಂದು ಧಣಿಯ ಪಾದದ ಬಳಿ ನಿಂತ. ತಿರುಗಿದ. ಧಣಿಯ ನೆರಳಿನ ಮೇಲೆ ಕಾಲಿಟ್ಟ.

"ಒಂದು" ಎಂದ.

"ಏಯ್, ಏಯ್!" ಎಂದು ಯಾರೋ ಕೂಗಿದರು. ಅವನು ನಿಲ್ಲಲಿಲ್ಲ. ಹಿಮ್ಮಡಿಗೆ ಬೆರಳು ತಾಗಿಸಿ ನಡೆದ. ಎರಡು, ಮೂರು. ಏಳು ಎಂದಾಗ ಅವನಿನ್ನೂ ನೆರಳಿನ ಮೊಣಕಾಲನ್ನೂ ದಾಟಿರಲಿಲ್ಲ. ಹದಿನೈದು. ಇಪ್ಪತ್ತು. ಇಪ್ಪತ್ತೆಂಟು ಎನ್ನುವಾಗ ಕುತ್ತಿಗೆಗೆ ಬಂದಿದ್ದ. ಅಲ್ಲಿ ನಿಂತ. ತಲೆಯನ್ನು ತುಳಿಯಲಾಗಲಿಲ್ಲ, ಅಷ್ಟು ಧೈರ್ಯ ಅವನಿಗಿರಲಿಲ್ಲ. ಅಲ್ಲೇ ಕುಸಿದು ಕುಳಿತು ಅತ್ತುಬಿಟ್ಟ.

ವರ್ತಕ ಸಿಟ್ಟಾಗಲಿಲ್ಲ. ಅವನ ಮುಖ ಸಣ್ಣಗಾಯಿತು. ತನ್ನ ನೆರಳನ್ನು ಅವನು ಎಷ್ಟೋ ದಿನಗಳಿಂದ ನೋಡಿಯೇ ಇರಲಿಲ್ಲ.

"ಮೊದಲೇ ಹೇಳಬಾರದಿತ್ತೇನೋ, ತಿರುಕಪ್ಪಾ? ಕೇಳಿದ್ದರೆ ನಾನು ಬೇಡ ಅಂತಿದ್ದೆನೇ?"

"ಹೊತ್ತು ಅಳೆಯೋ ಕೆಲಸ ನಿಮ್ಮ ಹತ್ತಿರ ಇತ್ತು, ಧಣಿ. ನನ್ನ ಕೆಲಸ ಲಡಿ ಅದ್ದೋದು. ಅದರಲ್ಲಿ ಒಂದು ದಿನ ತಪ್ಪಿದ್ದೇನಾ, ಹೇಳಿ."

ವರ್ತಕ ಆಳುಗಳನ್ನೆಲ್ಲ ಹತ್ತಿರ ಕರೆದ. ಮಾರನೆಯ ದಿನದಿಂದ ನೆರಳು ಅಳೆಯುವವನು ಆಳುಗಳಲ್ಲೇ ಒಬ್ಬ, ಅಳೆಯುವುದು ಅವನ ನೆರಳನ್ನೇ, ಏಳು ಅಡಿ ದಾಟಿ ನಿಂತರೆ ನಿಂತಷ್ಟಕ್ಕೂ ಬೇರೆ ಕೂಲಿ ಎಂದು ಎಲ್ಲರ ಮುಂದೆ ಹೇಳಿದ. ಹೇಳಿದ ಹಾಗೆ ನಡೆದುಕೊಂಡ. ಕೆಟ್ಟವನಲ್ಲ ಎಂದೆನಲ್ಲ.

ಮಾರನೆಯ ದಿನ ಏಳು ಅಡಿಗೆ ಸರಿಯಾಗಿ ಬಿಟ್ಟರು. ಸೂರ್ಯ ಇನ್ನೂ ಮೇಲಿದ್ದ. ತಿರುಕಪ್ಪ ಹರದಾರಿ ದಾರಿಯನ್ನು ಹೇಗೆ ಕಳೆದನೋ ಅವನಿಗೇ ಗೊತ್ತಿಲ್ಲ. ಪಾರವ್ವ ಕಟ್ಟೆಯ ಮೇಲಿರಲಿಲ್ಲ. ಮನೆಯ ಮುಂದೆ ಮಣ್ಣಿನಲ್ಲಿ ಆಡುತ್ತಿದ್ದಳು. ಅವನು ಎದುರು ಕುಳಿತ. ಬೆರಳು ತಿಕ್ಕಿ, ಅಪ್ಪ ಬಂದಿದ್ದೇನೆ ಎಂದ. ಅವಳು ನಕ್ಕಳು. ಆಮೇಲೆ ಅವನು ಎಡ ಅಂಗೈ ಮೇಲೆ ಬಲ ಅಂಗೈ ಮುಚ್ಚಿದ, ಮೆಲ್ಲಗೆ ತೆರೆದ, ಊದಿದ. ಏನಿದು, ಹೇಳವ್ವಾ ಎಂದು ಕೈಯಲ್ಲೇ ಕೇಳಿದ.

ಪಾರವ್ವ ಅವನ ಕೈಗಳನ್ನು ನೋಡಿದಳು. ಮೊದಲ ಸಲ ನೋಡುವವಳ ಹಾಗೆ ನೋಡಿದಳು. ಅವನು ಮತ್ತೆ ಮಾಡಿದ. ಅವಳು ಹುಬ್ಬು ಗಂಟಿಕ್ಕಿ, ಅವನು ಕೇಳಿದ ಹಾಗೆಯೇ ತಾನೂ ಕೇಳಿದಳು: ಏನಿದು?

ಅವಳಿಗೆ ಮರೆತುಹೋಗಿತ್ತು. ಎಷ್ಟು ಸಲ ಹೇಳಿದರೂ ಯಾರೂ ಉತ್ತರ ಕೊಡದ ಮಾತನ್ನು ಮಗು ಎಷ್ಟು ದಿನ ಇಟ್ಟುಕೊಂಡೀತು? ತಿರುಕಪ್ಪ ಕತ್ತಲಾಗುವವರೆಗೆ ಕೇಳಿದ. ಹೂವು ತೋರಿಸಿದ, ಚಿಟ್ಟೆ ತೋರಿಸಿದ, ಒಲೆಯ ಬೂದಿ ತೋರಿಸಿದ. ಅವಳು ಎಲ್ಲದಕ್ಕೂ ತಲೆ ಅಲ್ಲಾಡಿಸಿದಳು. ಕೊನೆಗೆ ಅಪ್ಪನ ಮುಖ ನೋಡಿ ಅವಳಿಗೂ ಅಳು ಬಂತು. ಅವನು ಅವಳನ್ನು ಎದೆಗೊತ್ತಿಕೊಂಡು ಕುಳಿತ.

ಒಂದು ವಾರ ಬಿಟ್ಟು ವರ್ತಕ ತಾನೇ ಅವನ ಮನೆಗೆ ಬಂದ. ಒಂದೂವರೆ ವರ್ಷದ ಹೆಚ್ಚಿನ ಜಾವಗಳಿಗೆಲ್ಲ ಕೂಲಿ ತಂದಿದ್ದ. ಲೆಕ್ಕ ಸಿಗದ ದಿನಗಳನ್ನು ಆಳಿನ ಕಡೆಗೇ ಹಿಡಿದಿದ್ದ. ಉಳಿದ ಹದಿನೈದು ಜನರಿಗೂ ಕೊಟ್ಟು ಬಂದಿದ್ದ. ತಿರುಕಪ್ಪ ಎರಡೂ ಕೈಯೊಡ್ಡಿ ತೆಗೆದುಕೊಂಡ. ತೆಗೆದುಕೊಳ್ಳಬೇಕಾದ್ದೇ, ಅದು ಅವನ ದುಡಿಮೆ, ಯಾರ ದಾನವೂ ಅಲ್ಲ.

"ನಾನು ಕೊಡೋದು ಇನ್ನೇನಾದರೂ ಉಳಿದಿದೆಯೇನಪ್ಪಾ?" ಎಂದು ಕೇಳಿದ ವರ್ತಕ. ಮನಸ್ಸಿಟ್ಟೇ ಕೇಳಿದ.

ತಿರುಕಪ್ಪ ಹಣವನ್ನು ಕೆಳಗಿಟ್ಟ. ಎಡ ಅಂಗೈ ಮೇಲೆ ಬಲ ಅಂಗೈ ಮುಚ್ಚಿದ. ಮೆಲ್ಲಗೆ ತೆರೆದ. ಊದಿದ.

"ಇದೊಂದು, ಧಣಿ" ಎಂದ. "ಇದರ ಅರ್ಥ ಹೇಳಿಬಿಡಿ, ಸಾಕು."

ವರ್ತಕ ಆ ಖಾಲಿ ಅಂಗೈಗಳನ್ನು ನೋಡಿದ. ಆಮೇಲೆ ಎದ್ದು ಹೋದ.

ಗುರುಗಳು ಇಷ್ಟು ಹೇಳಿ ನಿಲ್ಲಿಸಿದರು. ಚನ್ನಮಲ್ಲನಿಗೆ ತಡೆಯಲಾಗಲಿಲ್ಲ. ತನಗೆ ತಿಳಿಯದ ಹಾಗೆಯೇ ಒಂದು ಅಂಗೈಯನ್ನು ಇನ್ನೊಂದರ ಮೇಲೆ ಮುಚ್ಚಿಕೊಂಡಿದ್ದ.

"ಗುರುಗಳೇ, ಆ ಮಗು ಏನು ಹೇಳಬೇಕೆಂದಿತ್ತು?"

"ನಿನ್ನೆ ಸಂಜೆ ನೀನು ನಿಲ್ಲಿಸಿಕೊಂಡೆಯಲ್ಲ, ಆ ಒಂಬತ್ತು ಜನರ ಮನೆಬಾಗಿಲಿಗೆ ಹೋಗಿ ಕೇಳು."